ನೋವು ಅರಿಯದ ಹುಡುಗಿಯರು

ಕ್ರೂಸರ್ ಗಾಡಿ ಹೊರಡುವ ಮೊದಲು ಹುಲುಗಮ್ಮ ಕಿಟಕಿಯ ಹತ್ತಿರ ಬಂದು, "ಟೀಚರ್, ಪಿನ್ ಅದಾವೇನ್ರಿ?" ಎಂದಳು. ಯಶೋಧಾ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ಬಿಚ್ಚಿ ಕೊಟ್ಟಳು. ಹುಡುಗಿ ಅವನ್ನು ಅಂಗೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಳು. "ಯಾಕ, ಸಾಲಂಗಿಲ್ಲೇನ?" "ಎಲ್ಲಾರಿಗೂ ಬೇಕಾಗಿದ್ವುರಿ." ತಾಳಿಸರದಲ್ಲಿ ಜೋತುಬಿದ್ದಿದ್ದವೂ ಹೋದವು. ಹುಡುಗಿಯ ಕಣ್ಣು ಇನ್ನೂ ತನ್ನ ಹೆಗಲ ಮೇಲೆಯೇ ಇರುವುದನ್ನು ಕಂಡು ಯಶೋಧಾ ನಕ್ಕು, ಸೆರಗಿಗೆ ಹಾಕಿದ್ದ ಪಿನ್ನನ್ನೂ ತೆಗೆದು ಅವಳ ಕೈಗಿಟ್ಟಳು. "ತಗೋ, ಇನ್ನ ನನ್ನ ಸೆರಗು ನಾನ ಹಿಡಕೊಂಡು ಕುಂದರ್ತೀನಿ." ಹುಲುಗಮ್ಮ ನಗಲಿಲ್ಲ. ಗಾಡಿಯ ಹಿಂಬದಿಗೆ ಹೋಗಿ, ಅಲ್ಲಿ ಗುಂಪಾಗಿ ನಿಂತಿದ್ದ ಹುಡುಗಿಯರಿಗೆ ಒಂದೊಂದೇ ಹಂಚಿದಳು. ಅವರು ಅಂಗಿಯ ಅಂಚನ್ನು ಕೆಳಗಿನ ಪ್ಯಾಂಟಿಗೆ ಸೇರಿಸಿ, ಒಳಗಿನಿಂದ ಪಿನ್ನು ಚುಚ್ಚಿಕೊಳ್ಳತೊಡಗಿದರು. ಒಬ್ಬಳಿಗೆ ಇನ್ನೊಬ್ಬಳು ಮರೆಯಾಗಿ ನಿಲ್ಲುತ್ತಿದ್ದಳು. ಹೋದ ವರ್ಷ ಯಾರೋ ದಾನಿಗಳು ಹೊಲಿಸಿಕೊಟ್ಟ ಅಂಗಿಗಳು, ಅಳತೆ ನೋಡದೆ ಹೊಲಿದವು, ಓಡುವಾಗ ಮೇಲೆ ಹಾರುತ್ತವೇನೋ ಎಂದುಕೊಂಡು ಯಶೋಧಾ ಸೆರಗನ್ನು ಎಡಗೈಯಿಂದ ಒತ್ತಿ ಹಿಡಿದು ಮುಂದೆ ನೋಡಿದಳು. ಮುಂದೆ, ಗಾಡಿಯ ಮೂತಿಗೆ ಕಟ್ಟಿದ ಬ್ಯಾನರಿನ ಹಿಂಬದಿ ಕಾಣುತ್ತಿತ್ತು. ಅದರ ಮೇಲಿನ ಅಕ್ಷರಗಳು ಉಲ್ಟಾ ಆಗಿದ್ದರೂ ಅವಳಿಗೆ ಓದಲು ಬರುತ್ತಿತ್ತು, ಅದು ಅವಳೇ ಬರೆದ ಸಾಲು.

ಶಾಲಾ ವಾರ್ಷಿಕೋತ್ಸವದ ವರದಿಯನ್ನು ಬರೆಯುವುದು ಕನ್ನಡ ಟೀಚರ ಕೆಲಸ. ಹೋದ ವರ್ಷ, ಖೋಖೋದಲ್ಲಿ ತಾಲ್ಲೂಕಿಗೆ ಮೊದಲು ಬಂದ ತಂಡದ ಬಗ್ಗೆ ಬರೆಯುವಾಗ ಅವಳಿಗೆ ಆ ಸಾಲು ತಾನಾಗಿಯೇ ಬಂದಿತ್ತು. ಮೊಣಕಾಲು ಕಿತ್ತು ರಕ್ತ ಬಂದರೂ ಒಬ್ಬ ಹುಡುಗಿಯೂ ಹಾ ಎನ್ನುವುದಿಲ್ಲ, ನಮ್ಮವರು ನೋವು ಅರಿಯದ ಹುಡುಗಿಯರು. ಅವಳು ಅದನ್ನು ಓದಿದಾಗ ಊರಿನವರು ಚಪ್ಪಾಳೆ ತಟ್ಟಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಂದಿರು ಅರ್ಥವಾಯಿತೋ ಇಲ್ಲವೋ ಎನ್ನುವಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಮೇಲೆ ತಟ್ಟಿದ್ದರು. ದೈಹಿಕ ಶಿಕ್ಷಕ ಪ್ರವೀಣಕುಮಾರ್ ವೇದಿಕೆಯಿಂದ ಇಳಿದು ಬಂದು, "ಮೇಡಂ, ಏನ್ ಸಾಲು ಬರದೀರಿ! ಇದನ್ನ ಬ್ಯಾನರಿಗೆ ಹಾಕಸ್ತೀನಿ ನೋಡ್ರಿ," ಎಂದಿದ್ದ. ತನ್ನ ಒಂದು ವಾಕ್ಯ ಫ್ಲೆಕ್ಸಿನ ಮೇಲೆ, ಕೆಂಪು ಅಕ್ಷರಗಳಲ್ಲಿ, ಊರೂರು ತಿರುಗುವುದು ಅವಳಿಗೆ ಹಿತವಾಗಿತ್ತು. ಇಷ್ಟು ವರ್ಷ ಪಾಠ ಮಾಡಿದವಳಿಗೆ ಸಿಕ್ಕ ಒಂದೇ ಓದುಗ ವರ್ಗ ಎಂದು ಗಂಡನ ಹತ್ತಿರ ತಮಾಷೆ ಮಾಡಿದ್ದಳು, ತಮಾಷೆಯ ಕೆಳಗೆ ಹೆಮ್ಮೆಯೂ ಇತ್ತು.

ಗಾಡಿ ಹೊರಟಿತು. ಡ್ರೈವರ್ ಹುಲುಗಣ್ಣ ಹಾಡು ಹಾಕಿದ. ಪ್ರವೀಣಕುಮಾರ್ ಮುಂದೆ ಕೂರದೆ ಎಂದಿನಂತೆ ನಡುವಿನ ಸೀಟಿನಲ್ಲಿ, ಹುಡುಗಿಯರ ಸಾಲಿನ ಅಂಚಿನಲ್ಲಿ ಕೂತಿದ್ದ. ಕೊರಳಲ್ಲಿ ಸೀಟಿ, ಸೊಂಟಕ್ಕೆ ಕಟ್ಟಿದ ಚೀಲ, ಚೀಲದಲ್ಲಿ ನೋವಿಗೆ ಹೊಡೆಯುವ ಸ್ಪ್ರೇ. ಆ ಚೀಲವಿಲ್ಲದೆ ಅವನನ್ನು ಯಾರೂ ಕಂಡಿದ್ದಿಲ್ಲ. ಹೆಣ್ಣುಮಕ್ಕಳನ್ನು ಆಟದ ಬಯಲಿಗೆ ಕಳಿಸಲು ಹಿಂದೆ ಮುಂದೆ ನೋಡುತ್ತಿದ್ದ ಅಪ್ಪಂದಿರು ಇವನ ಮಾತಿಗೆ ಒಪ್ಪಿ ಕಳಿಸಿದ್ದರು. ಇವನ ಕೈಯಲ್ಲಿ ಕಲಿತ ಹುಡುಗಿಯರು ಕ್ರೀಡಾ ವಸತಿಶಾಲೆ ಸೇರಿದ್ದರು. ಬಿಸಿಯೂಟ ಬೇಯಿಸುವ ಹಂಪಕ್ಕ, ಹುಲುಗಮ್ಮನ ತಾಯಿ, ಇವನು ಅಡುಗೆಮನೆಯ ಮುಂದೆ ಹಾದರೆ ಸಾಕು, ಸೌಟು ಕೆಳಗಿಟ್ಟು ಕೈ ಮುಗಿಯುತ್ತಿದ್ದಳು. "ನಮ್ ಹುಡಿಗೀನ ಒಂದು ದಾರಿಗೆ ಹಚ್ಚಿಬಿಡ್ರಿ ಸಾರ್, ನಿಮ್ಮ ಮಗಳಂತ ತಿಳಕೊಳ್ರಿ."

ಹುಡುಗಿಯರ ತಂಡದ ಜೊತೆ ಒಬ್ಬ ಮಹಿಳಾ ಶಿಕ್ಷಕಿ ಇರಲೇಬೇಕು ಎಂಬುದು ನಿಯಮ. ಆದರೆ ಶಾಲೆಯಲ್ಲಿ ನಡೆದುಬಂದ ರೂಢಿ ಬೇರೆ. ಯಶೋಧಾಳ ಹೆಸರು ಕಾಗದದ ಮೇಲೆ ತಂಡದ ಜೊತೆ ಹೋಗುತ್ತಿತ್ತು. ಯಶೋಧಾ ಕೊಟ್ಟೂರಿನಲ್ಲಿ ಇಳಿದು ಅಕ್ಕನ ಮನೆಗೆ ಹೋಗುತ್ತಿದ್ದಳು. ಸಂಜೆ ಗಾಡಿ ವಾಪಸ್ಸು ಬರುವಾಗ ರಸ್ತೆಗೆ ಬಂದು ಹತ್ತಿಕೊಳ್ಳುತ್ತಿದ್ದಳು. ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಮುಖ್ಯೋಪಾಧ್ಯಾಯರು, "ಹೆಂಗೂ ಹೊಂಟೀರಿ, ಕೊಟ್ಟೂರೇಶ್ವರಗ ನಂದೊಂದು ಕಾಯಿ ಒಡಸ್ರಿ," ಎಂದು ಹೇಳಿ ಕಳಿಸುತ್ತಿದ್ದರು. ಬಿಸಿಲಲ್ಲಿ ನೀವು ಯಾಕೆ ಕೂರುತ್ತೀರಿ, ನಾನಿಲ್ಲವೇ ಎಂದು ಮೊದಲ ವರ್ಷ ಹೇಳಿದವನು ಪ್ರವೀಣಕುಮಾರನೇ. ಎಷ್ಟು ತಿಳಿವಳಿಕೆಯ ಹುಡುಗ ಎಂದುಕೊಂಡಿದ್ದಳು.

ಇಂದು ಅಯ್ಯನಹಳ್ಳಿಯ ತಿರುವು ದಾಟಿದ ಮೇಲೆ ಶಾಂತಕುಮಾರಿ, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಂಟನೆಯ ತರಗತಿ, ಓಡುವ ಗಾಡಿಯಲ್ಲೇ ಸೀಟು ಹಿಡಿದುಕೊಂಡು ಬಂದು ಯಶೋಧಾಳ ಪಕ್ಕದ ಅರ್ಧ ಜಾಗದಲ್ಲಿ ತನ್ನನ್ನು ತೂರಿಸಿಕೊಂಡಳು. "ವಾಂತಿ ಬರಾಕತ್ತೈತೇನ?" "ಇಲ್ರಿ." "ಮತ್ತ್ಯಾಕ?" "ಇಲ್ಲೆ ಕುಂದರ್ತೀನ್ರಿ ಟೀಚರ್." ಹುಡುಗಿಯ ಭುಜ ಬಿಸಿಯಾಗಿತ್ತು. ಮೈ ಭಾರವೆಲ್ಲ ಇವಳ ಕಡೆ ಹಾಕಿ ಕೂತಿದ್ದಳು, ತೊಟ್ಟಿಲಿನಿಂದ ಎತ್ತಿಕೊಂಡ ಮಗುವಿನ ಹಾಗೆ. ರಸ್ತೆಯ ಒಂದು ಬದಿಯುದ್ದಕ್ಕೂ ಮೆಕ್ಕೆಜೋಳ ಹರವಿದ್ದರು. ಹುಲುಗಣ್ಣ ಬೈಯುತ್ತ ಅದನ್ನು ತಪ್ಪಿಸಿ ತಪ್ಪಿಸಿ ಓಡಿಸುತ್ತಿದ್ದ. ಯಶೋಧಾಳಿಗೆ ಅಕ್ಕ ಮಾಡಿಟ್ಟಿರುವ ಶೇಂಗಾದ ಹೋಳಿಗೆ ನೆನಪಾಯಿತು, ತಣ್ಣಗಿನ ನಡುಮನೆ ನೆನಪಾಯಿತು. ಆಗಲೇ ಕೊಟ್ಟೂರಿನ ಮೊದಲ ಮನೆಗಳು ಬಂದವು. ಗಾಡಿ ನಿಂತಿತು. "ಇಳೀರಿ ಮೇಡಂ, ಸಂಜಿಗೆ ಫೋನ್ ಮಾಡ್ತೀನಿ," ಎಂದ ಪ್ರವೀಣಕುಮಾರ್. ಪಕ್ಕದ ಪುಟ್ಟ ಭುಜ ಬಿಗಿಯಾದದ್ದು ಅವಳಿಗೆ ತಿಳಿಯಿತು. ಅವಳು, "ಅಕ್ಕ ಊರಾಗಿಲ್ರಿ," ಎಂದಳು.

ಯಾಕೆ ಸುಳ್ಳು ಹೇಳಿದೆ ಎಂದು ಅವಳಿಗೇ ಗೊತ್ತಾಗಲಿಲ್ಲ. "ಏನ್ರಿ ಮೇಡಂ, ಹೋಳಿಗಿ ಇಲ್ಲದ ಟೂರ್ನಮೆಂಟಾತಲ್ರಿ ಈ ಸಲ," ಎಂದು ಹುಲುಗಣ್ಣ ನಕ್ಕು ಗೇರು ಹಾಕಿದ. ಪ್ರವೀಣಕುಮಾರನೂ ನಕ್ಕ. ಆದರೆ ನಗುವ ಮೊದಲು ಒಂದು ಕ್ಷಣ ಅವನ ಮುಖದ ಮೇಲೆ, ನಾಳೆಯ ಲೆಕ್ಕವನ್ನು ಇವತ್ತೇ ಮಾಡಬೇಕಾಗಿ ಬಂದವನ ಬೇಸರ ಹಾದುಹೋದದ್ದನ್ನು ಅವಳು ಕಂಡಳು. ಅಥವಾ ಕಂಡೆ ಅಂದುಕೊಂಡಳು. ಅಕ್ಕನಿಗೆ ಏನು ಹೇಳುವುದು? ದಾರಿಯಲ್ಲಿ ಸಿಗ್ನಲ್ ಸಿಕ್ಕಾಗ, ಬರಲಿಲ್ಲ, ಕೆಲಸ ಬಿತ್ತು ಎಂದು ಮೆಸೇಜು ಹಾಕಿದಳು. ಶಾಂತಕುಮಾರಿ ಅವಳ ತೋಳಿಗೆ ತಲೆ ಆನಿಸಿ ನಿದ್ದೆಹೋಗಿದ್ದಳು, ಅಥವಾ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದಳು.

ಹರಪನಹಳ್ಳಿಯ ಬಯಲಿನಲ್ಲಿ ಶಾಮಿಯಾನಾ ಹಾಕಿದ್ದರು. ಸುಣ್ಣದ ಗೆರೆಗಳು ಇನ್ನೂ ಹಸಿಯಾಗಿದ್ದವು. ಬ್ಯಾನರನ್ನು ಬಿಚ್ಚಿ ತಂದು ಹಗ್ಗಕ್ಕೆ ಕಟ್ಟಿದರು. ಬೇರೆ ಶಾಲೆಯ ಶಿಕ್ಷಕರೊಬ್ಬರು ಓದಿ, "ಓಹೋ, ಬಂದ್ರಪ್ಪ ನೋವಿಲ್ದೋರು!" ಎಂದರು. ಯಶೋಧಾ ಕಬ್ಬಿಣದ ಕುರ್ಚಿಯೊಂದರ ಮೇಲೆ ಸೆರಗು ಹಿಡಿದು ಕೂತಳು. ಅವಳಿಗೆ ಆಟ ಗೊತ್ತಿರಲಿಲ್ಲ. ಸಾಲಾಗಿ ಚೌಕಗಳಲ್ಲಿ ಕುಕ್ಕರಗಾಲಿನಲ್ಲಿ ಕೂತ ಹುಡುಗಿಯರು, ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳ ಮುಖ ಈ ಕಡೆ. ಓಡುವವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ ಖೋ ಎಂದರೆ ಮಾತ್ರ ಕೂತವಳು ಏಳಬೇಕು. "ಅನ್ನೂ ಮುಂಚೆ ಎದ್ದರ?" ಎಂದು ಪಕ್ಕದಲ್ಲಿ ನೀರು ಕುಡಿಯುತ್ತಿದ್ದ ಹುಲುಗಮ್ಮನನ್ನು ಕೇಳಿದಳು. "ಫೌಲ್ರಿ. ಬೆಂಕಿ ಬಿದ್ರೂ ಏಳಬಾರದು ಅಂತಾರ ಸರ್." ಬೆನ್ನಿನ ಹಿಂದೆ ಏನು ಬರುತ್ತಿದೆ ಎಂದು ನೋಡದೆ, ಯಾವ ಕ್ಷಣದಲ್ಲಾದರೂ ಬೀಳಬಹುದಾದ ಒಂದು ಕೈಗೆ ಕಾಯುತ್ತ ಕೂರುವ ಆಟ. ಯಶೋಧಾ ಕುರ್ಚಿಯಲ್ಲಿ ತುಸು ಮುಂದಕ್ಕೆ ಸರಿದು, ತನ್ನ ಬೆನ್ನು ಕುರ್ಚಿಗೆ ತಾಗದಂತೆ ಕೂತಳು.

ಅವಳು ಚಿಕ್ಕವಳಿದ್ದಾಗ, ಕೂಡ್ಲಿಗಿಯ ಶಾಲೆಯ ಅಂಗಳದಲ್ಲಿ ಆಗಸ್ಟ್ ಹದಿನೈದಕ್ಕೆ ಕವಾಯತು. ಸಾವಧಾನ್, ವಿಶ್ರಾಮ್. ಡ್ರಿಲ್ ಮಾಸ್ತರರು ಸಾಲಿನ ಹಿಂದೆ ನಡೆಯುತ್ತಿದ್ದರು. ಬೂಟಿನ ಸದ್ದು ಕೇಳುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ. ಸದ್ದು ನಿಂತರೆ ಅವರು ಯಾರದೋ ಹಿಂದೆ ನಿಂತರು ಎಂದರ್ಥ. ಎದೆ ಮುಂದೆ, ಹೆಗಲು ಹಿಂದೆ ಎನ್ನುತ್ತ ಕೈಗಳು ಬಂದು ಹೆಗಲನ್ನು ಸರಿಮಾಡುತ್ತಿದ್ದವು, ಹೆಗಲು ಸರಿಯಾದ ಮೇಲೂ ಸರಿಮಾಡುತ್ತಲೇ ಇರುತ್ತಿದ್ದವು. ಪಕ್ಕದ ಸಾಲಿನ ಹುಡುಗಿ ಒಮ್ಮೆ ಕೊಸರಿಕೊಂಡು, ಬಿಸಿಲಲ್ಲಿ ಮೊಣಕಾಲೂರಿ ನಿಲ್ಲುವ ಶಿಕ್ಷೆ ಪಡೆದಿದ್ದಳು. ಯಶೋಧಾ ಕೊಸರಿಕೊಳ್ಳಲಿಲ್ಲ. ಧ್ವಜಸ್ತಂಭದ ತುದಿಯ ಗುಂಡನ್ನು ನೋಡುತ್ತ, ತಾನು ಅಲ್ಲಿದ್ದೇನೆ, ಇಲ್ಲಿ ಕೆಳಗಿಲ್ಲ ಎಂದುಕೊಳ್ಳುವುದನ್ನು ಕಲಿತಳು. ಆ ವರ್ಷ ಅಲುಗಾಡದೆ ನಿಂತವಳೆಂದು ಅವಳಿಗೆ ಸ್ಟೀಲಿನ ಡಬ್ಬಿ ಬಹುಮಾನವಾಗಿ ಬಂತು, ಮುಚ್ಚಳದ ಮೇಲೆ ಹೆಸರು ಕೊರೆದದ್ದು. ಅಪ್ಪ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿದ್ದ. ಮದುವೆಯಾಗಿ ಬರುವಾಗ ಡಬ್ಬಿಯೂ ಜೊತೆಗೆ ಬಂತು. ಈಗಲೂ ಅದರಲ್ಲಿ ಶೇಂಗಾಚಟ್ನಿ ಹಾಕಿಡುತ್ತಾಳೆ, ದಿನಾ ಬೆಳಿಗ್ಗೆ ತೆಗೆಯುತ್ತಾಳೆ. ಅದನ್ನು ಎಸೆಯಬೇಕೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಅದರಲ್ಲಿ ಎಸೆಯುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಮೊದಲ ಪಂದ್ಯ ಗೆದ್ದರು, ಎರಡನೆಯದನ್ನೂ. ಹುಲುಗಮ್ಮ ಕಂಬವನ್ನು ಹಿಡಿದು ತಿರುಗುವ ವೇಗಕ್ಕೆ ಜನ ಕೇಕೆ ಹಾಕಿದರು. ಊಟದ ಬಿಡುವಿನಲ್ಲಿ ಹುಡುಗಿಯರು ಕಾಣಲಿಲ್ಲ. ಯಶೋಧಾ ಹುಡುಕಿಕೊಂಡು ಹೋದಾಗ, ಕಟ್ಟಡದ ಹಿಂದೆ, ನಲ್ಲಿಯ ಹತ್ತಿರ, ಎಲ್ಲರೂ ಗೋಡೆಯಂತೆ ಸುತ್ತ ನಿಂತಿದ್ದರು. ನಡುವೆ ಶಾಂತಕುಮಾರಿ ನೆಲದ ಮೇಲೆ ಕೂತಿದ್ದಳು. ಅವಳ ಹಿಮ್ಮಡಿಯ ಮೇಲ್ಭಾಗ ಬದನೆಕಾಯಿಯಷ್ಟು ಊದಿತ್ತು. ಹುಲುಗಮ್ಮ ತನ್ನ ಜಡೆಯ ರಿಬ್ಬನ್ನು ಬಿಚ್ಚಿ, ಹಲ್ಲು ಕಚ್ಚಿ, ಅದಕ್ಕೆ ಬಿಗಿಯಾಗಿ ಸುತ್ತುತ್ತಿದ್ದಳು. ಶಾಂತಕುಮಾರಿಯ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಬಾಯಿ ಮಾತ್ರ ಮುಚ್ಚಿತ್ತು.

"ಅಯ್ಯ, ಎಷ್ಟ್ ಬಾತೈತಿ! ಸರ್‌ಗೆ ಹೇಳಬಾರದೇನ? ಸ್ಪ್ರೇ ಐತಲ್ಲ ಅವರ ಕಡೆ."

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕರೀತೀನಿ ತಡೀರಿ," ಎಂದು ಯಶೋಧಾ ತಿರುಗಿದಳು. ಶಾಂತಕುಮಾರಿ ಅವಳ ಸೀರೆಯ ನೆರಿಗೆಯನ್ನು ಹಿಡಿದುಕೊಂಡಳು. ಎಷ್ಟು ಜೋರಾಗಿ ಎಂದರೆ ನೆರಿಗೆ ಸೊಂಟದಿಂದ ಸಡಿಲವಾಯಿತು.

"ಬ್ಯಾಡ್ರಿ," ಎಂದಳು ಹುಲುಗಮ್ಮ. ತಲೆ ಎತ್ತದೆ ರಿಬ್ಬನ್ನಿಗೆ ಗಂಟು ಹಾಕುತ್ತಿದ್ದಳು. "ನೋವು ಅಂದ್ರ ರೂಮಿಗೆ ಕರಕೊಂಡು ಹೊಕ್ಕಾರ್ರಿ. ಬಾಗಲಾ ಹಾಕ್ತಾರ್ರಿ. ಕಾಲಿಗೆ ಪೆಟ್ಟಾದ್ರ ಕಾಲಿಗಷ್ಟ ತಿಕ್ಕಂಗಿಲ್ರಿ." ಗಂಟನ್ನು ಎಳೆದು ಬಿಗಿಮಾಡಿ, ಪಾಠ ಒಪ್ಪಿಸುವ ದನಿಯಲ್ಲಿ, "ಅದಕ್ಕ ನಾವು ಯಾರೂ ನೋವು ಅನ್ನಂಗಿಲ್ರಿ," ಎಂದಳು.

ಯಶೋಧಾಳಿಗೆ ಮೊದಲು ಹೊಳೆದದ್ದು ಪಿನ್ನುಗಳು. ಅಂಗಿಯ ಅಂಚಿನ ಒಳಗಿನಿಂದ ಚುಚ್ಚಿಕೊಂಡ, ಹೊರಗೆ ಕಾಣದ, ತಾನೇ ನಗುತ್ತ ಬಿಚ್ಚಿಕೊಟ್ಟ ಪಿನ್ನುಗಳು. ಆಮೇಲೆ ಮಂಜಮ್ಮ ನೆನಪಾದಳು. ಹಿಂದಿನ ವರ್ಷ ಇದೇ ತಂಡದಲ್ಲಿದ್ದವಳು, ಒಂದು ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಇಟ್ಟು ನಿಂತು, ನಂಗೆ ಆಟ ಬ್ಯಾಡ್ರಿ ಟೀಚರ್, ಎಂದಿದ್ದಳು. ಉತ್ತರಪತ್ರಿಕೆ ತಿದ್ದುತ್ತಿದ್ದ ಯಶೋಧಾ ಕಣ್ಣೆತ್ತದೆ, ಆಟ ಅಂದ ಮ್ಯಾಲ ಮೈಕೈ ನೋವು ಇರೋದ, ತಡಕೋಬೇಕು, ಎಂದಿದ್ದಳು. ಹುಡುಗಿ ಇನ್ನೂ ಏನೋ ಹೇಳುವವಳಂತೆ ನಿಂತಿದ್ದು, ಬೆಲ್ ಹೊಡೆದ ಮೇಲೆ ಹೋಗಿದ್ದಳು. ಬೇಸಿಗೆ ರಜೆ ಮುಗಿದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಮದುವೆಯಾಯಿತಂತೆ ಎಂದು ಯಾರೋ ಅಂದರು. ಹದಿನೈದು ತುಂಬಿರದ ಹುಡುಗಿ. ತಪ್ಪು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟು ಚಹಾ ಕುಡಿದಿದ್ದರು.

"ನಂಗ್ಯಾಕ ಹೇಳಲಿಲ್ಲ?" ಎಂದಳು. ಕೇಳಿದ ಕೂಡಲೇ ಆ ಪ್ರಶ್ನೆ ಎಷ್ಟು ಕೊಳಕಾದದ್ದು ಎಂದು ಅವಳಿಗೆ ತಿಳಿಯಿತು.

ಹುಲುಗಮ್ಮ ಈಗ ತಲೆ ಎತ್ತಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ನೀವ ಬರದಿದ್ರಲ್ರಿ ಟೀಚರ್, ನೋವು ಅರಿಯದ ಹುಡುಗಿಯರು ಅಂತ. ನೀವು ಸ್ಟೇಜಿನ ಮ್ಯಾಲ ಓದಿದಾಗ ನಾವೆಲ್ಲಾ ಹಿಂದ ಕುಂತು ಭಾಳ ನಕ್ವಿರಿ." ಒಬ್ಬಿಬ್ಬರು ಹುಡುಗಿಯರ ತುಟಿಯ ಮೇಲೆ ಈಗಲೂ ಆ ನಗುವಿನ ಅಂಚು ಮೂಡಿ ಮಾಯವಾಯಿತು. ಕುಚೋದ್ಯದ ನಗುವಲ್ಲ. ದೊಡ್ಡವರ ದಡ್ಡತನವನ್ನು ಬಹಳ ದಿನದಿಂದ ನೋಡಿ ಅದಕ್ಕೆ ಹೊಂದಿಕೊಂಡ ಮಕ್ಕಳ ನಗು. ಯಶೋಧಾಳಿಗೆ ಕೆನ್ನೆ ಸುಟ್ಟಂತಾಯಿತು. ಇಂಥ ಹೊತ್ತಿನಲ್ಲೂ ತನಗೆ ನೋವಾದದ್ದು ತನ್ನ ವಾಕ್ಯಕ್ಕಾದ ಅವಮಾನದಿಂದ ಎಂಬುದು ಇನ್ನೂ ಸುಟ್ಟಿತು.

"ಯಾರಿಗೂ ಹೇಳಬ್ಯಾಡ್ರಿ ಮತ್ತ," ಎಂದಳು ಹುಲುಗಮ್ಮ, ಗಾಬರಿಯಿಂದ. "ಅಪ್ಪಗ ಗೊತ್ತಾದ್ರ ಸಾಲಿ ಬಿಡಸ್ತಾನ್ರಿ. ಸರ್‌ಗೆ ಏನೂ ಆಗಂಗಿಲ್ಲ, ನಮ್ಮ ಆಟ ಹೋಗತೈತಿ. ನಾ ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಸೇರಬೇಕ್ರಿ. ನೀವು ಸುಮ್ನ ನಮ್ ಜೋಡಿ ಕುಂದರ್ರಿ ಸಾಕು. ನೀವಿದ್ರ ಕರ್ಯಂಗಿಲ್ಲ ಅವರು."

ಇಷ್ಟೇ ಕೇಳಿದ್ದು. ನಾಲ್ಕು ವರ್ಷದಿಂದ ಕಾಗದದ ಮೇಲೆ ಇದ್ದದ್ದು ಇಷ್ಟೇ.

ಅವಳು ಶಾಮಿಯಾನದ ಆಚೆ ಹುಣಸೆಮರದ ಕೆಳಗೆ ನಿಂತು ಮುಖ್ಯೋಪಾಧ್ಯಾಯ ಪಾಲಣ್ಣನವರಿಗೆ ಫೋನು ಮಾಡಿದಳು. ಮಾತು ಹುಡುಕಿ ಹುಡುಕಿ ಹೇಳಿದಳು. ಕನ್ನಡ ಕಲಿಸುವವಳಿಗೆ ಒಂದು ಸರಿಯಾದ ಶಬ್ದ ಸಿಗಲಿಲ್ಲ. "ಹಂಗಲ್ರಿ ಸರ್... ಹುಡುಗೀರು ಅಂತಾರ... ಪ್ರವೀಣ ಸರ್ ಸರಿ ಇಲ್ಲಂತ." ಆ ಕಡೆ ಟೀವಿಯ ಸದ್ದು ಸಣ್ಣದಾಯಿತು. "ಮೇಡಂ, ಈಗ ಫೈನಲ್ ಐತಿ ಹೌದಲ್ರಿ? ಅದು ಮುಗೀಲಿ ಮೊದಲು. ಹೆಣ್ಣುಡುಗ್ರು, ವಯಸ್ಸು, ಏನರ ಒಂದು ಅಂತಿರ್ತಾವು. ನೀವು ಒಂದು ಬಾಯಿ ತೆಗದ್ರ ಊರಾಗ ಒಂದು ಹುಡಿಗೀನೂ ಗ್ರೌಂಡಿಗೆ ಕಳಸಂಗಿಲ್ಲ ನೋಡ್ರಿ. ವಿಚಾರ ಮಾಡ್ರಿ. ಸೋಮವಾರ ಕುಂತು ಮಾತಾಡೂನು." ಆಮೇಲೆ ದನಿ ಇಳಿಸಿ, "ನೀವು ಅಕ್ಕನ ಮನಿಗೆ ಹೋಗಿಲ್ಲೇನು?" ಎಂದರು.

ವಿಚಾರ ಮಾಡಿದಳು. ಅವಳದು ಕಾಯಂ ನೌಕರಿ, ಕೆಲಸ ಹೋಗುತ್ತದೆಂಬ ಭಯ ಇಲ್ಲ. ಆ ನೆಪವೂ ಇರಲಿಲ್ಲ. ಶಾಲೆಯ ಕಾಂಪೌಂಡಿನ ಮೇಲೆ ಹಳದಿ ಬಣ್ಣದಲ್ಲಿ ಮಕ್ಕಳ ಸಹಾಯವಾಣಿಯ ನಂಬರು ಬರೆದಿತ್ತು, ಒಂದು ಸೊನ್ನೆ ಒಂಬತ್ತು ಎಂಟು. ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನು ಮಕ್ಕಳ ಬಾಯಲ್ಲಿ ಮಗ್ಗಿಯ ಹಾಗೆ ಹೇಳಿಸಿದವಳು ಅವಳೇ. ಆ ಅಂಕಿಗಳ ಆ ಕಡೆ ಒಬ್ಬ ಮನುಷ್ಯ ಫೋನು ಎತ್ತುತ್ತಾನೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಆದರೆ ಹುಲುಗಮ್ಮ ಹೇಳಬೇಡಿ ಎಂದಿದ್ದಾಳೆ. ಹುಡುಗಿಯ ಮಾತಿಗೆ ಬೆಲೆ ಕೊಡುತ್ತಿದ್ದೇನೆಯೇ, ಇಲ್ಲ ಅದರ ಹಿಂದೆ ಅಡಗುತ್ತಿದ್ದೇನೆಯೇ? ಹೇಳಿದರೆ ಆಟ ಹೋಗುತ್ತದೆ, ಹೇಳದಿದ್ದರೆ ಆಟದ ಜೊತೆ ಇದೂ ಇರುತ್ತದೆ. ಪಾಲಣ್ಣನವರು ಹೇಳಿದ್ದೂ ಹುಲುಗಮ್ಮ ಹೇಳಿದ್ದೂ ಒಂದೇ ಮಾತು. ಅವರು ಕುರ್ಚಿಯಲ್ಲಿ ಕೂತು ಹೇಳಿದರು, ಇವಳು ಕುಕ್ಕರಗಾಲಿನಲ್ಲಿ ಕೂತು ಹೇಳಿದಳು, ಅಷ್ಟೇ. ಹುಣಸೆಮರದ ಕೆಳಗೆ ಒಂದು ನಾಯಿ ಬಿಸಿಲಿಗೆ ನಾಲಿಗೆ ಚಾಚಿ ಮಲಗಿತ್ತು. ಸಂಜೆಯ ತನಕ ಹುಡುಗಿಯರ ಜೊತೆ ಕೂರುವುದು, ವಾಪಸ್ಸು ಹೋಗುವಾಗ ನಡುವಿನ ಸೀಟಿನಲ್ಲಿ ತಾನೇ ಕೂರುವುದು, ಸೋಮವಾರ ನೋಡುವುದು. ಅಷ್ಟು ನಿರ್ಧರಿಸಿದ ಮೇಲೆ ಅವಳಿಗೆ ಹಸಿವಾಯಿತು. ಹಸಿವಾದದ್ದಕ್ಕೆ ನಾಚಿಕೆಯಾಯಿತು.

ಫೈನಲ್ ಶುರುವಾಗುವ ಮೊದಲು ಪ್ರವೀಣಕುಮಾರ್ ಅವಳ ಹತ್ತಿರ ಬಂದು ನಿಂತ. "ಏನ್ರಿ ಮೇಡಂ, ಡಲ್ ಆಗೀರಿ. ಬಿಸಲು ಹತ್ತಿತೇನ್ರಿ?" ತಣ್ಣನೆಯ ಮಜ್ಜಿಗೆಯ ಪೊಟ್ಟಣ ಅವಳ ಕೈಗೆ ಕೊಟ್ಟ. ಅವನ ಕಣ್ಣುಗಳಲ್ಲಿ ನಿಜವಾದ ಕಾಳಜಿ ಇತ್ತು, ಅದೇ ಅವಳನ್ನು ಗೊಂದಲಗೊಳಿಸಿತು. ಕೆಟ್ಟವನ ಮುಖ ಬೇರೆ ಇರಬೇಕಾಗಿತ್ತು. ಡ್ರಿಲ್ ಮಾಸ್ತರರೂ ಮಳೆ ಬಂದರೆ ತಮ್ಮ ಕೊಡೆಯನ್ನು ಮಕ್ಕಳಿಗೆ ಕೊಟ್ಟು ನೆನೆಯುತ್ತ ಹೋಗುತ್ತಿದ್ದರು. ಅವಳು ಪೊಟ್ಟಣವನ್ನು ಕಚ್ಚಿ ಹರಿದು ಕುಡಿದಳು. ಬೇಡ ಎನ್ನಲು ಬಾಯಿ ಬರಲಿಲ್ಲ.

ಹುಡುಗಿಯರು ಚೌಕಗಳಲ್ಲಿ ಕೂತರು. ಓಡಿಸುವ ಸರದಿ ಅವರದು. ಹುಲುಗಮ್ಮನ ಬೆನ್ನು ಯಶೋಧಾಳ ಕಡೆಗಿತ್ತು, ಅಂಗಿಯ ಕೆಳಗೆ ಪಿನ್ನಿನ ಗುರುತು ಈಗ ಅವಳಿಗೆ ಕಾಣುತ್ತಿತ್ತು. ಖೋ, ಖೋ. ಎಳೆಯ ದನಿಗಳು ಬಯಲಿನ ಮೇಲೆ ಸಿಡಿದವು. ಶಾಂತಕುಮಾರಿ ಎದ್ದು ಓಡಿದಳು, ಅವಳ ಓಟದಲ್ಲಿ ಕುಂಟು ಇರಲಿಲ್ಲ. ಕುಂಟದೆ ಓಡುವುದಕ್ಕೆ ಆ ಮಗು ಎಲ್ಲಿಂದ ಬಲ ತರುತ್ತಿದೆ ಎಂದು ಯಶೋಧಾ ನೋಡುತ್ತಿರುವಾಗಲೇ, ಕಂಬದ ಹತ್ತಿರ ತಿರುಗುವಾಗ ಪಾದ ಒಳಕ್ಕೆ ಮಡಚಿಕೊಂಡಿತು. ಹುಡುಗಿ ಮುಖ ಕೆಳಗಾಗಿ ಬಿದ್ದಳು. ಅಂಪೈರು ಸೀಟಿ ಊದಿದ. ಶಾಂತಕುಮಾರಿ ಕೂಡಲೇ ಮೊಣಕೈ ಊರಿ ಏಳಲು ನೋಡಿದಳು, ಆಗಲಿಲ್ಲ. ಧೂಳು ಮೆತ್ತಿದ ಮುಖ ಎತ್ತಿ, ಏನೂ ಆಗಿಲ್ಲ ಎಂಬಂತೆ, ಎಲ್ಲರಿಗೂ ಕಾಣುವ ಹಾಗೆ ನಕ್ಕಳು.

"ಯಾರೂ ಏಳಬ್ಯಾಡ್ರಿ! ಚೌಕ ಬಿಡಬ್ಯಾಡ್ರಿ!" ಎಂದು ಕೂಗುತ್ತ ಪ್ರವೀಣಕುಮಾರ್ ಆಗಲೇ ಒಳಗೆ ಓಡಿದ್ದ. ಸೊಂಟದ ಚೀಲದ ಜಿಪ್ಪು ತೆಗೆಯುವ ಸದ್ದು ಇಲ್ಲಿಗೆ ಕೇಳುವಂತಿರಲಿಲ್ಲ, ಆದರೂ ಅವಳಿಗೆ ಕೇಳಿಸಿತು. ಅವನು ಬಗ್ಗಿ ಹುಡುಗಿಯ ಕಂಕುಳಿಗೆ ಕೈ ಹಾಕಿದ. "ಬಾ, ರೂಮಿನಾಗ ನೋಡೂನು." ಹುಡುಗಿಯ ನಗು ಹಾಗೆಯೇ ಇತ್ತು. ಅವಳು ಸರ್ ಕಡೆ ನೋಡುತ್ತಿರಲಿಲ್ಲ, ಎತ್ತರದಲ್ಲಿ ಎಲ್ಲೋ, ಶಾಮಿಯಾನದ ಕಂಬದ ತುದಿಯನ್ನು ನೋಡುತ್ತಿದ್ದಳು.

ಆ ನೋಟ ಯಶೋಧಾಳಿಗೆ ಗೊತ್ತಿತ್ತು.

ತಾನು ಎದ್ದದ್ದು ಅವಳಿಗೆ ತಿಳಿದದ್ದು ಸುಣ್ಣದ ಗೆರೆ ಚಪ್ಪಲಿಗೆ ಮೆತ್ತಿಕೊಂಡಾಗ. ಸೆರಗು ಜಾರಿತು, ಎಳೆದುಕೊಂಡಳು, ಮತ್ತೆ ಜಾರಿತು. ಹಗ್ಗದ ಆಚೆಯ ಹುಡುಗರು ಸಿಳ್ಳು ಹಾಕಿದರು. "ಲೇ, ಮೇಡಂ ಆಡಾಕ ಇಳದ್ರಲೇ!" ಎಂದು ಯಾರೋ ಕೂಗಿದ, ನಗು ಎದ್ದಿತು. ಅಂಪೈರು ಕೈ ಚಾಚಿ ಅಡ್ಡ ಬಂದ. "ಮೇಡಂ, ಒಳಗ ಬರಂಗಿಲ್ರಿ."

"ನಾ ಇವರ ಜೋಡಿ ಬಂದಾಕಿ. ನನ್ನ ಹೆಸರು ಐತಿ ನಿಮ್ಮ ಕಡೆ, ನೋಡ್ಕೊಳ್ರಿ," ಎಂದು ಅವಳು ಅವನನ್ನು ದಾಟಿ ಹೋಗಿ, ಇಡೀ ಬಯಲು ನೋಡುತ್ತಿರುವಾಗ, ಧೂಳಿನಲ್ಲಿ ಕಾಲು ಮಡಚಿ ಕೂತಳು. ಶಾಂತಕುಮಾರಿಯ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಪ್ರವೀಣಕುಮಾರ್ ಕೈ ತೆಗೆದಿರಲಿಲ್ಲ.

"ಬಿಡ್ರಿ ಆಕೀನ."

"ಮೇಡಂ, ರೂಮಿನಾಗ ಗಾಳಿ ಬರತೈತಿ, ಅಲ್ಲೇ..."

"ಇಲ್ಲೇ ಗಾಳಿ ಐತಿ. ಸ್ಪ್ರೇ ಕೊಡ್ರಿ ನನ್ನ ಕೈಯಾಗ."

"ನಿಮಗ ಬರಂಗಿಲ್ರಿ ಇದು." ಅವನು ಇನ್ನೂ ಮುಗುಳ್ನಗುತ್ತಿದ್ದ. ಆದರೆ ಅವಳ ಮುಖದಲ್ಲಿ ಏನು ಕಂಡನೋ, ನಗು ಒಂದು ಕಡೆಯಿಂದ ಕಳಚಿಕೊಂಡಿತು. ಹುಡುಗಿಯ ತೋಳು ಬಿಟ್ಟು ಎದ್ದು ನಿಂತ. ಡಬ್ಬಿಯನ್ನು ಅವಳ ಕೈಗೆ ಕೊಡಲಿಲ್ಲ, ಪಕ್ಕದಲ್ಲಿ ಮಣ್ಣಿಗಿಟ್ಟ.

ಅವಳು ಸಾಕ್ಸು ತೆಗೆದು ರಿಬ್ಬನ್ನು ಬಿಚ್ಚಿದಳು. ಚರ್ಮದ ಮೇಲೆ ರಿಬ್ಬನ್ನಿನ ಹೆಣಿಗೆ ಅಚ್ಚಾಗಿತ್ತು. "ನೋವಾಗತೈತೇನವ್ವಾ?" ಎಂದು ಕೇಳಿದಳು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಅವಳ ಮೇಲ್ದುಟಿಯಲ್ಲಿ ಬೆವರು ಕೂತಿತ್ತು. ಯಶೋಧಾ ಮತ್ತೆ ಕೇಳಿದಳು. ಹಿಂದಿನ ಬೆಂಚಿನ ಮಗುವಿಗೆ ಉತ್ತರ ಗೊತ್ತಿದೆ, ಹೇಳಲು ಅಂಜುತ್ತಿದೆ ಎಂದು ತಿಳಿದಾಗ ಕೇಳುವ ಹಾಗೆ, ಅವಸರವಿಲ್ಲದೆ. "ನಾ ಇಲ್ಲೇ ಅದೀನಿ. ಎಲ್ಲಾರೂ ಅದಾರ. ಬಾಗಲಾ ಇಲ್ಲ ಇಲ್ಲಿ. ನೋವಾಗತೈತೇನು?"

ಶಾಂತಕುಮಾರಿ ಕಂಬದ ತುದಿಯಿಂದ ಕಣ್ಣು ಇಳಿಸಿದಳು. ತನ್ನ ಪಾದವನ್ನು, ಅದು ತನ್ನದೇ ಎಂದು ಈಗ ಗೊತ್ತಾದವಳಂತೆ, ನೋಡಿದಳು. "ನೋವಾಗತೈತ್ರಿ," ಎಂದಳು, ಮೊದಲು ಪಿಸುದನಿಯಲ್ಲಿ. ಆಮೇಲೆ ಬಾಯಿ ತೆರೆದು, ಹಾಲು ಬಿಡಿಸಿದ ಮಗುವಿನಂತೆ ಕಿರುಚಿ ಅತ್ತಳು. "ಭಾಳ ನೋವಾಗತೈತ್ರಿ ಟೀಚರ್! ಭಾಳ ಅಂದ್ರ ಭಾಳ!" ಸಿಳ್ಳು ನಿಂತಿತು. ಒಂದು ಕಾಲಿನ ಪೆಟ್ಟಿಗಿಂತ ದೊಡ್ಡದಾದ ಆ ಅಳು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಜನ ಸುಮ್ಮನಾದರು. ಬ್ಯಾನರು ಗಾಳಿಗೆ ಒಮ್ಮೆ ಪಟಪಟನೆ ಬಡಿದು ಸುಮ್ಮನಾಯಿತು.

ಚೌಕಗಳಲ್ಲಿ ಹುಡುಗಿಯರು ಕೂತೇ ಇದ್ದರು. ಮುಖ ಆ ಕಡೆ ಇದ್ದವರು ತಿರುಗಿಯೂ ನೋಡಿರಲಿಲ್ಲ. ಆಗ ಹುಲುಗಮ್ಮ ಎದ್ದಳು. ಯಾರೂ ಅವಳ ಬೆನ್ನು ಮುಟ್ಟಿರಲಿಲ್ಲ, ಯಾರೂ ಖೋ ಅಂದಿರಲಿಲ್ಲ. "ಹುಲುಗಮ್ಮ, ಕುಂದ್ರು! ಮ್ಯಾಚ್ ಹೊಕ್ಕತಿ!" ಎಂದ ಪ್ರವೀಣಕುಮಾರ್. ಅವಳು ನಿಂತು, ಗೆಲ್ಲಬೇಕಾಗಿದ್ದ ಆ ಬಯಲನ್ನು, ಎರಡು ಕಂಬಗಳನ್ನು ಒಮ್ಮೆ ನೋಡಿದಳು. ನಡೆದು ಬಂದು ಯಶೋಧಾಳ ಬೆನ್ನ ಹಿಂದೆ ಮೊಣಕಾಲೂರಿದಳು. ತನ್ನ ಅಂಗಿಯ ಅಂಚಿಗೆ ಕೈ ಹಾಕಿ ಪಿನ್ನನ್ನು ಬಿಚ್ಚಿದಳು. ಜಾರಿ ತೋಳ ಮೇಲೆ ಬಿದ್ದಿದ್ದ ಟೀಚರ ಸೆರಗನ್ನು ಎತ್ತಿ ಹೆಗಲ ಮೇಲೆ ಹಾಕಿ, ಮಡಿಕೆ ಸರಿಮಾಡಿ, ಪಿನ್ನು ಚುಚ್ಚಿದಳು. ಹಿಂದಿನಿಂದ ಬಂದ ಆ ಕೈಗೆ ಯಶೋಧಾಳ ಹೆಗಲು ಒಂದು ಕ್ಷಣ ಕಲ್ಲಾಯಿತು, ಆಮೇಲೆ ಸಡಿಲವಾಯಿತು.

ಅಂಪೈರು ತಲೆ ಕೆರೆದುಕೊಂಡ. "ಏನಬೇ ನಿಂದು? ನಿನಗೆಲ್ಲಿ ಪೆಟ್ಟಾಗೈತಿ?"

ಹುಲುಗಮ್ಮ ಯಶೋಧಾಳ ಕಡೆ ನೋಡಿ, "ಟೀಚರ್ ಹೇಳ್ತಾರ್ರಿ," ಎಂದಳು.

ಯಶೋಧಾಳ ಎರಡೂ ಕೈ ಖಾಲಿಯಾಗಿದ್ದವು. ಅವಳು ಅವನ್ನು ಮಗುವಿನ ಪಾದದ ಮೇಲಿಟ್ಟಳು. "ಹೇಳ್ತೀನ್ರಿ," ಎಂದಳು. ಆಮೇಲೆ ಪ್ರವೀಣಕುಮಾರನ ಕಡೆ ಬೆರಳು ಮಾಡದೆ, ಮುಖ ಮಾತ್ರ ತಿರುಗಿಸಿ, "ಮೊದಲು ಇವರನ್ನ ಗೆರಿಯಾಚೆ ಕಳಸ್ರಿ."